ಗೋದಾಮಿನ ಟ್ಯಾಗ್ ಮತ್ತು ಕಣ್ಮರೆಯಾದ ತೆರ್ಮೆನ್

ಹೆದ್ದಾರಿಯ ಟೋಲ್ ಗೇಟಿನ ಮುಂದೆ ಕಾರು ಬಂದೊಡನೆ ಅಡ್ಡಗೋಲು ತಾನಾಗಿ ಮೇಲೇಳುವುದನ್ನು ನಾವೆಲ್ಲರೂ ನೋಡಿದ್ದೇವೆ. ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ, ತಂತಿಯ ಸಂಪರ್ಕವೂ ಇಲ್ಲ. ಮೇಲಿನ ಕಂಬದಿಂದ ಬಂದು ಬೀಳುವ ರೇಡಿಯೋ ತರಂಗದ ಶಕ್ತಿಯನ್ನೇ ಹೀರಿಕೊಂಡು ಅದು ಕ್ಷಣಕಾಲ ಎಚ್ಚರಗೊಳ್ಳುತ್ತದೆ. ಅದೇ ತರಂಗಕ್ಕೆ ತನ್ನ ಸಂಖ್ಯೆಯ ಗುರುತನ್ನು ಬೆರೆಸಿ ಹಿಂದಿರುಗಿಸಿ ಮತ್ತೆ ನಿದ್ರೆಗೆ ಜಾರುತ್ತದೆ.

ಇದೇ ಬಗೆಯ ಟ್ಯಾಗ್ ಇಂದು ಜಗತ್ತಿನ ದೊಡ್ಡ ದೊಡ್ಡ ಗೋದಾಮುಗಳಲ್ಲಿ ಪೆಟ್ಟಿಗೆಗಳ ಮೇಲೆ ಕುಳಿತಿದೆ. ಯಾವ ಸರಕು ಯಾವ ಬಾಗಿಲಿನಿಂದ ಒಳಬಂತು, ಯಾವ ಸಾಲಿನಲ್ಲಿದೆ, ಯಾವ ಲಾರಿ ಏರಿತು ಎಂಬುದನ್ನು ಯಾರೂ ಕೈಯಿಟ್ಟು ಎಣಿಸದೆ ತಿಳಿಸುತ್ತಿದೆ. ಈ ತಂತ್ರದ ಪೂರ್ವಿಕರು ಯಾರೆಂದು ಹುಡುಕುತ್ತ ಹೋದರೆ ಸಿಗುವವರು ವರ್ತಕರಲ್ಲ, ಉಗ್ರಾಣದ ಲೆಕ್ಕಿಗರೂ ಅಲ್ಲ. ಸೆಲ್ಲೋ ವಾದ್ಯ ಕಲಿತ ಒಬ್ಬ ರಷ್ಯನ್ ಭೌತವಿಜ್ಞಾನಿ. ಸ್ಟಾಲಿನ್ ಕಾಲದ ಕೈದಿ. ಹೆಸರು ಲೆವ್ ಸೆರ್ಗೆಯೆವಿಚ್ ತೆರ್ಮೆನ್. ಪಾಶ್ಚಾತ್ಯರಿಗೆ ಅವರು ಲಿಯಾನ್ ಥೆರಮಿನ್. ಮುಟ್ಟದೆಯೇ ಒಂದು ವಸ್ತು ಎಲ್ಲಿದೆಯೆಂದು ಅರಿಯುವ ವಿದ್ಯೆಗೆ ಆಯುಷ್ಯ ಸವೆಸಿದ ಈ ವ್ಯಕ್ತಿ ತಾವೇ ಸುಮಾರು ಮೂರು ದಶಕಗಳ ಕಾಲ ಎಲ್ಲಿದ್ದಾರೆಂಬುದು ಹೊರಜಗತ್ತಿಗೆ ತಿಳಿಯದಂತೆ ಬದುಕಬೇಕಾಯಿತು.

ಸೆಲ್ಲೋದಿಂದ ರೇಡಿಯೋಗೆ

ತೆರ್ಮೆನ್ ಜನಿಸಿದ್ದು 1896ರ ಆಗಸ್ಟ್ 27ರಂದು, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಪೂರ್ವಜರು ಫ್ರಾನ್ಸಿನಿಂದ ವಲಸೆ ಬಂದವರು. ಬಾಲ್ಯದಿಂದಲೇ ಅವರಿಗೆ ಸಂಗೀತ ಮತ್ತು ವಿದ್ಯುತ್ ಎರಡರಲ್ಲೂ ಸಮಾನ ಆಸಕ್ತಿ. ಸಂಗೀತ ವಿದ್ಯಾಲಯದಲ್ಲಿ ಸೆಲ್ಲೋ, ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯ ಸೇರಿ ರೇಡಿಯೋ ತಂತ್ರಜ್ಞಾನದಲ್ಲಿ ಪಳಗಿದರು. ಕ್ರಾಂತಿಯ ತರುವಾಯ ಪೆಟ್ರೋಗ್ರಾಡ್‌ನಲ್ಲಿ ಅಬ್ರಾಮ್ ಯೋಫೆ ಅವರ ಭೌತ ಸಂಶೋಧನಾಲಯಕ್ಕೆ ಬಂದರು.

ಅಲ್ಲಿ ಅವರಿಗೆ ವಹಿಸಿದ ಕೆಲಸ ಅನಿಲಗಳ ವಿದ್ಯುತ್ ಗುಣಗಳನ್ನು ಅಳೆಯುವುದು. ಅಳತೆಯ ಉಪಕರಣ ಎಷ್ಟು ಸೂಕ್ಷ್ಮವಾಗಿತ್ತೆಂದರೆ ಹತ್ತಿರ ಕೈ ಸುಳಿದರೂ ಅದರ ಸ್ವರ ಬದಲಾಗುತ್ತಿತ್ತು. ಬೇರೆಯವರಾಗಿದ್ದರೆ ಅದನ್ನು ದೋಷವೆಂದು ಬಗೆದು ಸರಿಪಡಿಸುತ್ತಿದ್ದರೇನೋ. ಸೆಲ್ಲೋ ನುಡಿಸಿ ಬಲ್ಲ ತೆರ್ಮೆನ್‌ಗೆ ಅದರಲ್ಲಿ ರಾಗ ಕೇಳಿಸಿತು. 1920ರಲ್ಲಿ ಹೀಗೆ ಹುಟ್ಟಿದ ವಾದ್ಯಕ್ಕೆ ಮುಂದೆ ಅವರದೇ ಹೆಸರು ಬಂತು.

ಅದರ ಒಳಗುಟ್ಟು ಸರಳ. ರೇಡಿಯೋ ಕಂಪನ ಉಂಟುಮಾಡುವ ಎರಡು ಮಂಡಲಗಳು. ಒಂದರ ಕಂಪನ ಸ್ಥಿರ. ಇನ್ನೊಂದರದು ಆಂಟೆನಾ ಮತ್ತು ವಾದಕನ ಕೈ ಇವುಗಳ ನಡುವಿನ ಅಂತರಕ್ಕೆ ತಕ್ಕಂತೆ ಬದಲಾಗುವಂಥದು. ಎರಡರ ವ್ಯತ್ಯಾಸವೇ ಕಿವಿಗೆ ಕೇಳುವ ಸ್ವರ. ಕೈ ಹತ್ತಿರ ಬಂದರೆ ಸ್ವರ ಏರುತ್ತದೆ, ದೂರ ಸರಿದರೆ ಇಳಿಯುತ್ತದೆ. ಇನ್ನೊಂದು ಕೈ ಧ್ವನಿಯ ಗಾತ್ರವನ್ನು ನಿಯಂತ್ರಿಸುತ್ತದೆ. ಸಂಗೀತವನ್ನು ಬದಿಗಿಟ್ಟು ನೋಡಿದರೆ ಇದು ತಂತಿಯಿಲ್ಲದೆ ಕೈಯ ಸ್ಥಾನವನ್ನು ಪತ್ತೆ ಮಾಡುವ ಯಂತ್ರವೇ ಸರಿ. ತೆರ್ಮೆನ್ ಅವರಿಗೂ ಇದು ಗೊತ್ತಿತ್ತು. ಇದೇ ತತ್ತ್ವದಿಂದ ಅವರು ಕಾವಲು ಗಂಟೆಯನ್ನೂ ತಯಾರಿಸಿದರು. ಯಾರಾದರೂ ಸಮೀಪಿಸಿದರೆ ಅದು ತಾನಾಗಿ ಬಾರಿಸುತ್ತಿತ್ತು.

1922ರ ಮಾರ್ಚ್‌ನಲ್ಲಿ ಕ್ರೆಮ್ಲಿನ್‌ನಲ್ಲಿ ಲೆನಿನ್ ಸಮ್ಮುಖದಲ್ಲಿ ವಾದ್ಯ ಮತ್ತು ಕಾವಲು ಗಂಟೆ ಎರಡರ ಪ್ರದರ್ಶನವೂ ನಡೆಯಿತು. ಲೆನಿನ್ ಸ್ವತಃ ವಾದ್ಯ ನುಡಿಸಲು ಯತ್ನಿಸಿದರು. ದೇಶದ ಹಳ್ಳಿಹಳ್ಳಿಗೂ ವಿದ್ಯುತ್ ಒಯ್ಯುವ ಯೋಜನೆಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇರಿಲ್ಲವೆಂದು ಸರ್ಕಾರಕ್ಕೆ ಅನ್ನಿಸಿರಬೇಕು. ತೆರ್ಮೆನ್ ಊರೂರು ಸುತ್ತಿ ಪ್ರದರ್ಶನ ನೀಡಿದರು.

ಅಮೆರಿಕದ ಹತ್ತು ವರ್ಷ

1927ರಲ್ಲಿ ಯುರೋಪ್ ಪ್ರವಾಸ. ಫ್ರಾಂಕ್‌ಫರ್ಟ್, ಬರ್ಲಿನ್, ಪ್ಯಾರಿಸ್, ಲಂಡನ್‌ಗಳಲ್ಲಿ ಜನ ಮುಗಿಬಿದ್ದರು. ಅದೇ ವರ್ಷದ ಕೊನೆಗೆ ನ್ಯೂಯಾರ್ಕ್ ತಲುಪಿದ ತೆರ್ಮೆನ್ ಅಲ್ಲೇ ಹತ್ತು ವರ್ಷ ಉಳಿದರು. 1928ರಲ್ಲಿ ವಾದ್ಯಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಆರ್‌ಸಿಎ ಕಂಪನಿ 1929ರಲ್ಲಿ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಆದರೆ ಆ ವರ್ಷವೇ ಷೇರುಪೇಟೆ ಕುಸಿಯಿತು. ಮೇಲಾಗಿ ಹಿಡಿಯಲು ತಂತಿಯೂ ಮೆಟ್ಟಿಲೂ ಇಲ್ಲದ ಈ ವಾದ್ಯವನ್ನು ಗಾಳಿಯಲ್ಲೇ ಸ್ವರ ಹುಡುಕಿ ನುಡಿಸುವುದು ಸಾಮಾನ್ಯರಿಗೆ ನಿಲುಕುವ ಮಾತಾಗಿರಲಿಲ್ಲ. ತಯಾರಾದವು ಐದುನೂರರ ಆಸುಪಾಸು ಮಾತ್ರ.

ನ್ಯೂಯಾರ್ಕ್‌ನ ಅವರ ಸ್ಟುಡಿಯೋಗೆ ಐನ್‌ಸ್ಟೈನ್ ಬರುತ್ತಿದ್ದರು. ಪಿಟೀಲು ವಾದಕಿ ಕ್ಲಾರಾ ರಾಕ್‌ಮೋರ್ ಈ ವಾದ್ಯವನ್ನು ಕರಗತ ಮಾಡಿಕೊಂಡು ಅದಕ್ಕೊಂದು ಘನತೆ ತಂದರು. ತೆರ್ಮೆನ್ ಆಕೆಗೆ ಮನಸೋತಿದ್ದರು. ಆಕೆ ಬೇರೊಬ್ಬರನ್ನು ವರಿಸಿದರು. ನರ್ತಕರ ದೇಹದ ಚಲನೆಯೇ ಸ್ವರವಾಗುವ ವೇದಿಕೆಯೊಂದನ್ನೂ ತೆರ್ಮೆನ್ ಈ ಕಾಲದಲ್ಲೇ ನಿರ್ಮಿಸಿದರು.

ಹೊಟ್ಟೆಪಾಡಿಗೆ ಆಧಾರವಾದದ್ದು ಸಂಗೀತಕ್ಕಿಂತ ಹೆಚ್ಚಾಗಿ ಪತ್ತೆ ಯಂತ್ರಗಳು. ಸ್ಯಾನ್‌ಫ್ರಾನ್ಸಿಸ್ಕೋ ಬಳಿಯ ಕುಖ್ಯಾತ ಆಲ್ಕಟ್ರಾಝ್ ಬಂದೀಖಾನೆಗೆ ಲೋಹ ಪತ್ತೆ ಮಾಡುವ ಸಾಧನ ಒದಗಿಸುವ ಕೆಲಸದಲ್ಲೂ ಅವರ ಕೈಯಿತ್ತು. ಕೈದಿಗಳನ್ನು ಕಾಯುವ ಯಂತ್ರ ಮಾಡಿಕೊಟ್ಟವರು ಕೆಲವೇ ವರ್ಷಗಳಲ್ಲಿ ತಾವೇ ಕೈದಿಯಾಗಲಿದ್ದರು.

1938ರಲ್ಲಿ ತೆರ್ಮೆನ್ ಕರಿಯ ವರ್ಣದ ನರ್ತಕಿ ಲವಿನಿಯಾ ವಿಲಿಯಮ್ಸ್ ಅವರನ್ನು ಮದುವೆಯಾದರು. ಅಂದಿನ ಅಮೆರಿಕದಲ್ಲಿ ಇದು ಕ್ಷಮಿಸಲಾಗದ ನಡೆ. ದೊಡ್ಡಮನುಷ್ಯರ ಮನೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಸಾಲವೂ ಬೆಳೆದಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಸೋವಿಯತ್ ಹಡಗೊಂದನ್ನೇರಿ ಅಮೆರಿಕ ಬಿಟ್ಟರು. ಬಲವಂತವಾಗಿ ಕರೆದೊಯ್ದರೆಂದು ಕೆಲವರು, ಸಾಲಗಾರರ ಕಾಟಕ್ಕೆ ತಾವಾಗಿಯೇ ಹೊರಟರೆಂದು ಕೆಲವರು ಬರೆದಿದ್ದಾರೆ. ಲವಿನಿಯಾ ಅವರನ್ನು ಮತ್ತೆ ನೋಡಲಿಲ್ಲ.

ಕೋಲಿಮಾದಿಂದ ಕೈದಿಗಳ ಪ್ರಯೋಗಶಾಲೆಗೆ

ಸ್ವದೇಶದಲ್ಲಿ ಕಾದಿದ್ದು ಸನ್ಮಾನವಲ್ಲ. 1939ರ ಮಾರ್ಚ್‌ನಲ್ಲಿ ಬಂಧನ. ಎಂಟು ವರ್ಷಗಳ ಶಿಕ್ಷೆ. ಸೈಬೀರಿಯಾದ ಪೂರ್ವತುದಿಯ ಕೋಲಿಮಾ ಪ್ರದೇಶದ ಕಾರ್ಮಿಕ ಶಿಬಿರಕ್ಕೆ ಅವರನ್ನು ಅಟ್ಟಲಾಯಿತು. ಅಲ್ಲಿಂದ ಬದುಕಿ ಬಂದವರೇ ಕಡಿಮೆ. ತೆರ್ಮೆನ್ ಬದುಕಿದ್ದು ತಮ್ಮ ವಿದ್ಯೆಯಿಂದ. ಸ್ಟಾಲಿನ್ ಸರ್ಕಾರ ವಿಜ್ಞಾನಿ ಕೈದಿಗಳನ್ನೆಲ್ಲ ಒಂದೆಡೆ ಕೂಡಿಹಾಕಿ ಸಂಶೋಧನೆ ಮಾಡಿಸುತ್ತಿತ್ತು. ಈ ಸೆರೆಮನೆ ಪ್ರಯೋಗಶಾಲೆಗಳಿಗೆ ಶರಾಷ್ಕಾ ಎಂಬ ಅಡ್ಡಹೆಸರು. ವಿಮಾನ ತಜ್ಞ ಟುಪೊಲೆವ್, ಮುಂದೆ ಸೋವಿಯತ್ ಬಾಹ್ಯಾಕಾಶ ಯೋಜನೆಯ ರೂವಾರಿಯಾದ ಕೊರೊಲೆವ್ ಇವರೆಲ್ಲ ಇದ್ದದ್ದು ಇಂಥ ಶಾಲೆಯಲ್ಲೇ. ತೆರ್ಮೆನ್ ಅವರನ್ನೂ ಅಲ್ಲಿಗೆ ಕರೆಸಿಕೊಳ್ಳಲಾಯಿತು.

ಗೋದಾಮಿನ ಟ್ಯಾಗ್‌ನ ಕಥೆಗೆ ಬೇರು ಸಿಗುವುದು ಇಲ್ಲಿ.

1945ರ ಆಗಸ್ಟ್ 4ರಂದು ಸೋವಿಯತ್ ಶಾಲಾ ಮಕ್ಕಳ ತಂಡವೊಂದು ಮಾಸ್ಕೋದ ಅಮೆರಿಕ ರಾಯಭಾರಿ ಅವೆರೆಲ್ ಹ್ಯಾರಿಮನ್ ಅವರಿಗೆ ಸ್ನೇಹದ ಕಾಣಿಕೆ ನೀಡಿತು. ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆ. ರೆಕ್ಕೆ ಬಿಚ್ಚಿದ ಹದ್ದು. ಬಹಳ ಚೆಂದದ ಕೆತ್ತನೆ. ರಾಯಭಾರಿ ಅದನ್ನು ತಮ್ಮ ನಿವಾಸದ ಓದುಕೋಣೆಯಲ್ಲಿ ತೂಗುಹಾಕಿದರು. ಏಳು ವರ್ಷ ಅದು ಅಲ್ಲೇ ತೂಗುತ್ತಿತ್ತು.

ಹದ್ದಿನ ಹಿಂದೆ ಮರದೊಳಗೆ ಅಡಗಿದ್ದು ಪುಟ್ಟ ಲೋಹದ ಡಬ್ಬಿ. ಅದರ ಮುಖಕ್ಕೆ ಅತಿ ತೆಳುವಾದ ಪೊರೆ. ಬದಿಯಲ್ಲಿ ಗೇಣುದ್ದದ ಆಂಟೆನಾ ಕಡ್ಡಿ. ಬ್ಯಾಟರಿ ಇಲ್ಲ, ವಾಲ್ವ್ ಇಲ್ಲ, ತಂತಿ ಇಲ್ಲ. ಹೊರಗಿನಿಂದ ಯಾರಾದರೂ ಸರಿಯಾದ ಆವೃತ್ತಿಯ ರೇಡಿಯೋ ತರಂಗವನ್ನು ಗುರಿಯಿಟ್ಟು ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಕೋಣೆಯಲ್ಲಿ ಆಡಿದ ಮಾತಿಗೆ ಪೊರೆ ಅದುರುತ್ತಿತ್ತು. ಪೊರೆಯ ಅದುರಿಗೆ ತಕ್ಕಂತೆ ಹಿಂದಿರುಗುವ ತರಂಗ ಮಾರ್ಪಡುತ್ತಿತ್ತು. ಹೊರಗೆ ಕುಳಿತವರು ಅದರಿಂದ ಮಾತನ್ನು ಬಿಡಿಸಿ ಕೇಳುತ್ತಿದ್ದರು. ತರಂಗ ನಿಂತರೆ ಅದು ಬರಿಯ ಲೋಹದ ತುಂಡು. ಹಾಗಾಗಿಯೇ ಎಷ್ಟು ತಪಾಸಣೆ ನಡೆಸಿದರೂ ಯಾರ ಕೈಗೂ ಅದು ಸಿಗಲಿಲ್ಲ. ಇದನ್ನು ರೂಪಿಸಿದ ಕೀರ್ತಿ ಅಂದು ಇನ್ನೂ ಕೈದಿಯಾಗಿಯೇ ಇದ್ದ ತೆರ್ಮೆನ್ ಅವರಿಗೆ ಸಲ್ಲುತ್ತದೆ. ಕೀರ್ತಿಯೆಂದೇ ಕರೆಯಬೇಕೇ ಎಂಬುದು ಬೇರೆ ಪ್ರಶ್ನೆ.

ಗುಟ್ಟು ರಟ್ಟಾದದ್ದು 1952ರಲ್ಲಿ, ಜಾರ್ಜ್ ಕೆನನ್ ರಾಯಭಾರಿಯಾಗಿದ್ದಾಗ. ಕದ್ದಾಲಿಕೆ ಯಂತ್ರ ಚಾಲೂ ಆಗಲೆಂದೇ ಕೆನನ್ ಓದುಕೋಣೆಯಲ್ಲಿ ಕುಳಿತು ಗಟ್ಟಿಯಾಗಿ ಪತ್ರದ ಒಕ್ಕಣೆ ಹೇಳಿ ಬರೆಸುತ್ತಿದ್ದರು. ಅತ್ತ ತಂತ್ರಜ್ಞರು ಅಲೆಯ ಜಾಡು ಹಿಡಿದು ಮನೆಯನ್ನೆಲ್ಲ ಜಾಲಾಡಿ ಕೊನೆಗೆ ಹದ್ದಿನ ಬಳಿ ಬಂದು ನಿಂತರು. 1960ರ ಮೇ ತಿಂಗಳಲ್ಲಿ, ಸೋವಿಯತ್ ನೆಲದ ಮೇಲೆ ಅಮೆರಿಕದ ಬೇಹುಗಾರಿಕೆ ವಿಮಾನ ಉರುಳಿದ ಗದ್ದಲದ ನಡುವೆ, ಅಮೆರಿಕದ ಪ್ರತಿನಿಧಿ ಹೆನ್ರಿ ಕ್ಯಾಬಟ್ ಲಾಜ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಈ ಮುದ್ರೆಯನ್ನು ಎತ್ತಿ ತೋರಿಸಿದರು.

ಬೇಹುಗಾರಿಕೆಯಿಂದ ಉಗ್ರಾಣಕ್ಕೆ

ಇಲ್ಲಿಂದ ಗೋದಾಮಿಗೆ ನೇರ ರಸ್ತೆಯೇನೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ತೆರ್ಮೆನ್ ಅವರ ಡಬ್ಬಿ ಸರ್ಕಾರಿ ರಹಸ್ಯ. ಅದರ ಸುದ್ದಿ ತಿಳಿಯದೆಯೇ ಅಮೆರಿಕದಲ್ಲಿ ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ 1948ರಲ್ಲಿ ಪ್ರತಿಫಲಿತ ರೇಡಿಯೋ ಶಕ್ತಿಯಿಂದ ಸಂದೇಶ ಕಳುಹಿಸುವ ಬಗೆಯನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಯುದ್ಧಕಾಲದಲ್ಲಿ ನಮ್ಮ ವಿಮಾನ ಯಾವುದು, ಶತ್ರುವಿನದು ಯಾವುದು ಎಂದು ರೇಡಾರ್ ಮುಂದೆ ಗುರುತಿಸಲು ಹೂಡಿದ ತಂತ್ರವೂ ಇದರ ಹಿರಿಯರ ಸಾಲಿಗೆ ಸೇರುತ್ತದೆ. ಆದರೂ ಸ್ವಂತ ಶಕ್ತಿಯಿಲ್ಲದೆ, ಕರೆದಾಗ ಮಾತ್ರ ಓಗೊಡುವ ಸಾಧನವೊಂದು ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದು ಆ ಮರದ ಹದ್ದಿನ ಹಿಂದೆಯೇ. ಆರ್‌ಎಫ್‌ಐಡಿ ಚರಿತ್ರೆ ಬರೆಯುವವರು ಹಲವರು ಅಲ್ಲಿಂದಲೇ ಆರಂಭಿಸುವುದು ಇದೇ ಕಾರಣಕ್ಕೆ.

1973ರಲ್ಲಿ ಮಾರಿಯೋ ಕಾರ್ಡುಲ್ಲೋ ಎಂಬುವರಿಗೆ ಸ್ಮರಣ ಕೋಶವುಳ್ಳ ಟ್ಯಾಗ್‌ಗೆ ಪೇಟೆಂಟ್ ದೊರೆಯಿತು. 1999ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇದಕ್ಕೆಂದೇ ಆಟೋ-ಐಡಿ ಕೇಂದ್ರ ಸ್ಥಾಪನೆಯಾಯಿತು. ಟ್ಯಾಗ್‌ನೊಳಗೆ ಬರಿಯ ಒಂದು ಸಂಖ್ಯೆ ಇದ್ದರೆ ಸಾಕು, ಉಳಿದ ವಿವರವೆಲ್ಲ ಗಣಕಜಾಲದಲ್ಲಿರಲಿ ಎಂಬುದು ಅಲ್ಲಿನವರ ಆಲೋಚನೆ. ಅದರಿಂದ ಚಿಪ್ ಚಿಕ್ಕದಾಯಿತು, ಬೆಲೆ ಇಳಿಯಿತು. 2003ರಲ್ಲಿ ವಾಲ್‌ಮಾರ್ಟ್ ತನ್ನ ಮೊದಲ ನೂರು ಪೂರೈಕೆದಾರರಿಗೆ ಗಡುವು ನೀಡಿತು. 2005ರ ಜನವರಿಯೊಳಗೆ ಪೆಟ್ಟಿಗೆಗಳಿಗೂ ಪ್ಯಾಲೆಟ್‌ಗಳಿಗೂ ಟ್ಯಾಗ್ ಇರಲೇಬೇಕೆಂಬ ಅಪ್ಪಣೆ. ಟ್ಯಾಗ್‌ನ ಖರ್ಚು ತಮ್ಮ ತಲೆಗೆ, ಲಾಭ ಅಂಗಡಿಯವರಿಗೆ ಎಂದು ಪೂರೈಕೆದಾರರು ಗೊಣಗಿದರು. ಆದರೂ ಫಲ ಕಂಡಿತು. 2005ರಲ್ಲಿ ಆರ್ಕನ್ಸಾ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದ ಪ್ರಕಾರ ಟ್ಯಾಗ್ ಬಳಸಿದ ಮಳಿಗೆಗಳಲ್ಲಿ ಸರಕು ಮುಗಿದು ಕಪಾಟು ಬರಿದಾಗುವ ಪ್ರಸಂಗಗಳು ಶೇ. 16ರಷ್ಟು ತಗ್ಗಿದ್ದವು.

ಗೋದಾಮಿನ ಪಾಡು ಬಲ್ಲವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಸರಕು ಕಳವಾಗುವುದಕ್ಕಿಂತ ಹೆಚ್ಚಾಗಿ ತಪ್ಪುಜಾಗ ಸೇರುತ್ತದೆ. ಲೆಕ್ಕದ ಪುಸ್ತಕ ಏಳನೆಯ ಸಾಲು ಎನ್ನುತ್ತದೆ, ಫೋರ್ಕ್‌ಲಿಫ್ಟ್ ಚಾಲಕ ಅವಸರದಲ್ಲಿ ಒಂಬತ್ತನೆಯ ಸಾಲಿನಲ್ಲಿ ಇಳಿಸಿರುತ್ತಾನೆ. ಲೆಕ್ಕದಲ್ಲಿ ಸರಕು ಇದೆ, ಹುಡುಕುವವನಿಗೆ ಇಲ್ಲ. ಗಿರಾಕಿಗೆ ಇಲ್ಲವೆಂದು ಹೇಳಿ ಹೊಸದಾಗಿ ತರಿಸುತ್ತಾರೆ. ಆರು ತಿಂಗಳ ನಂತರ ವಾರ್ಷಿಕ ಎಣಿಕೆಯಲ್ಲಿ ಹಳೆಯದು ಸಿಗುತ್ತದೆ. ಔಷಧವಾಗಿದ್ದರೆ ಅಷ್ಟರಲ್ಲಿ ಅದರ ಅವಧಿ ಮುಗಿದಿರಲೂಬಹುದು.

ಬಾರ್‌ಕೋಡ್ ಇದಕ್ಕೆ ಅರ್ಧ ಮದ್ದು. ಅದನ್ನು ಓದಲು ಒಬ್ಬ ಮನುಷ್ಯ ಪೆಟ್ಟಿಗೆಯ ಮುಖ ಹುಡುಕಿ ಬೆಳಕು ಹಾಯಿಸಬೇಕು. ರೇಡಿಯೋ ಟ್ಯಾಗ್‌ಗೆ ಆ ಹಂಗಿಲ್ಲ. ಬಾಗಿಲಿನ ಎರಡೂ ಬದಿಗೆ ಆಂಟೆನಾ ನಿಲ್ಲಿಸಿದರೆ ಪ್ಯಾಲೆಟ್ ದಾಟುವಷ್ಟರಲ್ಲಿ ಒಳಗಿನ ಪೆಟ್ಟಿಗೆಗಳೆಲ್ಲ ಹೆಸರು ಹೇಳುತ್ತವೆ. ಎಲ್ಲವೂ ಒಟ್ಟಿಗೆ ಕೂಗಿದರೆ ಗದ್ದಲವಾಗುತ್ತದೆಯಾದ್ದರಿಂದ ಪ್ರತಿ ಟ್ಯಾಗ್ ತಾನಾಗಿ ಒಂದು ಸರದಿ ಆರಿಸಿಕೊಂಡು ಉತ್ತರಿಸುವಂತೆ ಏರ್ಪಾಟು ಮಾಡಲಾಗಿದೆ.

ತೊಡಕುಗಳೂ ಇವೆ. ಲೋಹ ತರಂಗವನ್ನು ಹಿಂದೂಡುತ್ತದೆ, ನೀರು ಹೀರುತ್ತದೆ. ಆದ್ದರಿಂದ ಬಟ್ಟೆಯ ಪೆಟ್ಟಿಗೆ ಸಲೀಸು, ಎಣ್ಣೆಯ ಡಬ್ಬ ಮತ್ತು ತಂಪು ಪಾನೀಯದ ಬಾಟಲಿ ಕಿರಿಕಿರಿ. ಪಕ್ಕದ ಬಾಗಿಲಲ್ಲಿ ನಿಂತ ಸರಕನ್ನೂ ಈ ಬಾಗಿಲಿನ ಆಂಟೆನಾ ಓದಿಬಿಟ್ಟರೆ ಹೋಗದ ಮಾಲು ಹೋಯಿತೆಂದು ಲೆಕ್ಕವಾಗುತ್ತದೆ. ಅದಕ್ಕೆ ತಡೆಪರದೆ ಹಾಕಬೇಕು, ಶಕ್ತಿ ತಗ್ಗಿಸಬೇಕು, ಯಾವ ಆಂಟೆನಾಕ್ಕೆ ಸದ್ದು ಗಟ್ಟಿಯಾಗಿ ಕೇಳಿತೆಂದು ತಾಳೆ ನೋಡಬೇಕು.

ಅಲ್ಲದೆ ಬಾಗಿಲು ದಾಟಿದ ಸರಕು ಒಳಗೆ ಎಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ. ತಗಡಿನ ಚಾವಣಿಯ ಕೆಳಗೆ ಉಪಗ್ರಹದ ಜಿಪಿಎಸ್ ನೆಚ್ಚುವಂತಿಲ್ಲ. ಹಾಗಾಗಿ ಕೆಲವೆಡೆ ಫೋರ್ಕ್‌ಲಿಫ್ಟ್‌ಗೇ ಆಂಟೆನಾ ಕಟ್ಟಿ, ನೆಲದಲ್ಲೂ ಕಪಾಟಿನಲ್ಲೂ ಗುರುತಿನ ಟ್ಯಾಗ್ ನೆಟ್ಟಿರುತ್ತಾರೆ. ವಾಹನ ಎಲ್ಲಿ ಏನನ್ನು ಇಳಿಸಿತೆಂದು ತಿಳಿದರೆ ಸರಕಿನ ನೆಲೆ ತಿಳಿದಂತೆಯೇ. ಹೆಚ್ಚು ಬೆಲೆಯ ವಸ್ತುಗಳಿಗೆ ಬ್ಯಾಟರಿಯಿರುವ ಟ್ಯಾಗ್ ಬಳಸಿ, ತರಂಗ ಬಂದು ಮುಟ್ಟಲು ತೆಗೆದುಕೊಂಡ ಕಾಲದಿಂದ ದೂರ ಅಳೆಯುತ್ತಾರೆ. ರೇಡಿಯೋ ತರಂಗ ಒಂದು ನ್ಯಾನೋ ಸೆಕೆಂಡಿಗೆ ಚಲಿಸುವುದು ಸುಮಾರು 30 ಸೆಂಟಿಮೀಟರ್. ಅಷ್ಟು ಸೂಕ್ಷ್ಮ ಗಡಿಯಾರವಿದ್ದರೆ ಪೆಟ್ಟಿಗೆ ಯಾವ ಅಂಕಣದಲ್ಲಿದೆಯೆಂದು ಕುಳಿತಲ್ಲೇ ಹೇಳಬಹುದು.

ಪೆಟ್ಟಿಗೆಯ ನೆಲೆ ತಿಳಿದ ಮೇಲೆ ಪೆಟ್ಟಿಗೆ ಎತ್ತುವವನ ನೆಲೆ ತಿಳಿಯುವ ಆಸೆ ಹುಟ್ಟುವುದು ಸಹಜವೇನೋ. 2018ರ ಜನವರಿಯಲ್ಲಿ ಅಮೆಜಾನ್ ಕಂಪನಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ದೊರೆಯಿತು. ಗೋದಾಮಿನ ಕೆಲಸಗಾರನ ಮಣಿಕಟ್ಟಿಗೆ ಪಟ್ಟಿ. ಅವನ ಕೈ ಯಾವ ಖಾನೆಯ ಬಳಿ ಇದೆಯೆಂದು ಅದು ಪತ್ತೆ ಹಚ್ಚುತ್ತದೆ, ತಪ್ಪು ಖಾನೆಗೆ ಕೈ ಚಾಚಿದರೆ ಕಂಪಿಸಿ ಎಚ್ಚರಿಸಬಲ್ಲದು. ಪೇಟೆಂಟ್ ಪಡೆದದ್ದೆಲ್ಲ ಬಳಕೆಗೆ ಬರುವುದಿಲ್ಲ, ನಿಜ. ಆದರೆ ಗಾಳಿಯಲ್ಲಿ ಆಡುವ ಕೈಯ ಸ್ಥಾನವನ್ನು ಮುಟ್ಟದೆ ತಿಳಿಯುವ ಆ ಯೋಜನೆಯನ್ನು ಓದಿದಾಗ 1920ರ ಪೆಟ್ರೋಗ್ರಾಡ್ ನೆನಪಾಗದಿರದು. ಅಂದು ಆ ಕೈಯಿಂದ ಹೊರಟದ್ದು ಸಂಗೀತ.

ಮರಳಿ ಸಿಕ್ಕ ಮನುಷ್ಯ

ಇತ್ತ ತೆರ್ಮೆನ್ 1947ರಲ್ಲಿ ಬಿಡುಗಡೆಯಾದರು. ದೂರದಿಂದ ಕಿಟಕಿ ಗಾಜಿನ ಅದುರನ್ನು ಹಿಡಿದು ಒಳಗಿನ ಮಾತು ಕೇಳುವ ಸಾಧನವನ್ನೂ ಅವರು ರೂಪಿಸಿದ್ದರು. ಅದೇ ವರ್ಷ ಗುಟ್ಟಾಗಿ ಸ್ಟಾಲಿನ್ ಪಾರಿತೋಷಕವೂ ಬಂತು. ಜೈಲಿಗೆ ಹಾಕಿದವರೇ ಪದಕ ಕೊಟ್ಟರು. ಮರುಮದುವೆಯಾಗಿ ಅವಳಿ ಹೆಣ್ಣುಮಕ್ಕಳ ತಂದೆಯಾದರು. ಬಿಡುಗಡೆಯಾದರೂ ಗುಪ್ತಚರ ಇಲಾಖೆಯ ಪ್ರಯೋಗಶಾಲೆಯನ್ನು ಬಿಟ್ಟು ಹೊರಬಂದದ್ದು 1960ರ ದಶಕದಲ್ಲೇ. ಅಲ್ಲಿಯವರೆಗೆ ಪಶ್ಚಿಮ ದೇಶಗಳಲ್ಲಿ ಬಹುಮಂದಿ ಅವರು ಸತ್ತೇಹೋಗಿದ್ದಾರೆಂದು ನಂಬಿದ್ದರು.

1967ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಗೀತ ವಿಮರ್ಶಕ ಹೆರಾಲ್ಡ್ ಶಾನ್‌ಬರ್ಗ್ ಮಾಸ್ಕೋ ಸಂಗೀತ ವಿದ್ಯಾಲಯಕ್ಕೆ ಭೇಟಿ ಕೊಟ್ಟಾಗ ಅಲ್ಲಿ ವಾದ್ಯಗಳ ನಡುವೆ ಕೆಲಸದಲ್ಲಿ ಮುಳುಗಿದ್ದ ಎಪ್ಪತ್ತರ ಮುದುಕರೊಬ್ಬರು ಎದುರಾದರು. ಸತ್ತವರ ಪಟ್ಟಿಗೆ ಸೇರಿದ್ದ ತೆರ್ಮೆನ್ ಬದುಕಿದ್ದಾರೆಂಬ ವರದಿ ಪ್ರಕಟವಾಯಿತು. ವಿದೇಶದ ಹಳೆಯ ಗೆಳೆಯರಿಗೆ ಸಂತಸ. ಮಾಸ್ಕೋ ಅಧಿಕಾರಿಗಳಿಗೆ ಮುಜುಗರ. ತೆರ್ಮೆನ್ ಕೆಲಸ ಕಳೆದುಕೊಂಡರು. ಅವರ ವಾದ್ಯಗಳನ್ನು ಹೊರಗೆಸೆಯಲಾಯಿತು. ಬದುಕಿದ್ದೇನೆಂದು ಜಗತ್ತಿಗೆ ಗೊತ್ತಾದದ್ದಕ್ಕೆ ತೆತ್ತ ದಂಡ ಅದು. ವರದಿಗಾರಿಕೆಯ ವೃತ್ತಿಯಲ್ಲಿರುವ ನಮ್ಮಂಥವರಿಗೆ ಈ ಪ್ರಸಂಗ ಕೊಂಚ ಇರಿಸುಮುರಿಸು ತರುತ್ತದೆ. ಆ ಬಳಿಕ ಮಾಸ್ಕೋ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಸಣ್ಣ ಹುದ್ದೆಯೊಂದರಲ್ಲಿ ಅವರು ಕಾಲ ಕಳೆದರು. ಬಂಧುವಾದ ಪುಟ್ಟ ಹುಡುಗಿ ಲಿಡಿಯಾ ಕವಿನಾಳಿಗೆ ತಮ್ಮ ವಾದ್ಯ ಕಲಿಸಿದರು. ಆಕೆ ಮುಂದೆ ಅದರ ಹೆಸರಾಂತ ವಾದಕಿಯಾದರು.

ಗೋರ್ಬಚೇವ್ ಕಾಲದಲ್ಲಿ ಗಡಿ ಸಡಿಲಗೊಂಡಾಗ 1989ರಲ್ಲಿ ಫ್ರಾನ್ಸಿಗೆ, 1991ರಲ್ಲಿ ಅಮೆರಿಕಕ್ಕೆ ಹೋಗಿಬರುವ ಅವಕಾಶ ಸಿಕ್ಕಿತು. ಲವಿನಿಯಾ 1989ರಲ್ಲೇ ಹೈಟಿಯಲ್ಲಿ ತೀರಿಕೊಂಡಿದ್ದರು. 95 ವರ್ಷದ ತೆರ್ಮೆನ್ ನ್ಯೂಯಾರ್ಕ್‌ನಲ್ಲಿ ಕ್ಲಾರಾ ರಾಕ್‌ಮೋರ್ ಅವರನ್ನು ಮತ್ತೆ ಭೇಟಿಯಾದರು. ಚಲನಚಿತ್ರ ನಿರ್ದೇಶಕ ಸ್ಟೀವನ್ ಮಾರ್ಟಿನ್ ಆ ಭೇಟಿಯನ್ನು ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದ್ದಾರೆ.

ತೆರ್ಮೆನ್ 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ ನಿಧನರಾದರು. ಅವರಿಗೆ 97 ವರ್ಷವಾಗಿತ್ತು. ವಾಲ್‌ಮಾರ್ಟ್ ತನ್ನ ಗಡುವು ಘೋಷಿಸಿದ್ದು ಅದಾಗಿ ಹತ್ತು ವರ್ಷಕ್ಕೆ. ಮರದ ಹದ್ದಿನ ಪ್ರತಿಕೃತಿಯೊಂದನ್ನು ವಾಷಿಂಗ್ಟನ್‌ಗೆ ಸಮೀಪದ ಫೋರ್ಟ್ ಮೀಡ್‌ನ ಗೂಢಲಿಪಿ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರ ವೀಕ್ಷಣೆಗೆ ಇಡಲಾಗಿದೆ.